ನಲ್ಲಿಯಲ್ಲಿ ಬಂದ ಹಲ್ಲು

ನೀರು ಕಂಡರೆ ಜೀವ ಹಾರಿಹೋಗುವ ಮನುಷ್ಯನ ಕೈಗೆ ನೀರಿನ ಟ್ಯಾಂಕಿನ ಬೀಗದಕೈ ಕೊಟ್ಟದ್ದು ಯಾರ ತಪ್ಪು ಎಂಬ ಪ್ರಶ್ನೆ ಆ ಮೂರಂತಸ್ತಿನ ಕಟ್ಟಡದಲ್ಲಿ ಇವತ್ತಿಗೂ ಬಗೆಹರಿದಿಲ್ಲ. ಕೊಟ್ಟವರು ಇಸಿದುಕೊಂಡವನದ್ದು ಅನ್ನುತ್ತಾರೆ. ಇಸಿದುಕೊಂಡವನು ಬಾಯಿ ಬಿಡುವುದಿಲ್ಲ.

ಅವನನ್ನು ಎಲ್ಲರೂ ಕ್ಯಾಪ್ಟನ್ ಅಂತಲೇ ಕರೆಯುತ್ತಿದ್ದರು. ಹಾಗಂತ ಅವನು ಹಡಗು ಹತ್ತಿದವನಲ್ಲ. ಹಡಗಿರಲಿ, ದೋಣಿಗೆ ಕಾಲಿಟ್ಟವನಲ್ಲ. ತಲೆಗೆ ನೀರು ಹುಯ್ದುಕೊಳ್ಳುವಾಗ ಎಲ್ಲಿ ಕೊಚ್ಚಿಕೊಂಡು ಹೋಗುತ್ತೇನೋ ಎಂದು ಎಡಗೈಯಲ್ಲಿ ನಲ್ಲಿಯನ್ನು ಭದ್ರವಾಗಿ ಹಿಡಿದುಕೊಳ್ಳುವ ಪ್ರಾಣಿ. ಹೊಟ್ಟೆಪಾಡಿಗೆ ಕಟ್ಟುಹಲ್ಲಿನ ಅಂಗಡಿಯಲ್ಲಿ ಕೆಲಸ. ಸಂಜೆ ಮನೆಗೆ ಬಂದರೆ ಪ್ಲಾಸ್ಟಿಕ್ ಹಡಗು. ಡಬ್ಬಿಯಲ್ಲಿ ಬರುವ ಬಿಡಿಬಿಡಿ ತುಂಡುಗಳನ್ನು ಚಿಮಟದಲ್ಲಿ ಹಿಡಿದು, ಅಂಚು ಉಜ್ಜಿ, ಅಂಟು ಸವರಿ, ಬಣ್ಣ ಬಳಿದು, ಯುದ್ಧನೌಕೆ, ಸರಕುಹಡಗು, ಜಲಾಂತರ್ಗಾಮಿ ಎಂದು ಒಂದೊಂದನ್ನೇ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದ. ಎದುರುಮನೆಯ ಟೈಲರು ಹಡಗಿನ ಹಗ್ಗಗಳಿಗೆಂದು ಕೂದಲಿಗಿಂತ ಸಣ್ಣ ದಾರವನ್ನು ಆರಿಸಿ ತಂದುಕೊಡುತ್ತಿದ್ದ. ಇಡೀ ಕಟ್ಟಡದಲ್ಲಿ ಆ ಹಡಗುಗಳನ್ನು ನೋಡಿ ನಗದಿದ್ದವನು ಅವನೊಬ್ಬನೇ.

ಕ್ಯಾಪ್ಟನ್ನನ ನಿಜವಾದ ಕೈಚಳಕ ಇದ್ದದ್ದು ಹೊಸದನ್ನು ಹಳೆಯದು ಮಾಡುವುದರಲ್ಲಿ. ಥಳಥಳ ಹೊಳೆಯುವ ಹಡಗಿಗೆ ತುಕ್ಕಿನ ಕಲೆ, ಉಪ್ಪಿನ ಗೀರು, ಹೊಗೆಯ ಮಸಿ ಎಲ್ಲ ಹಚ್ಚಿ, ನಲವತ್ತು ವರ್ಷ ಸಮುದ್ರ ಸುತ್ತಿ ಸೋತು ಬಂದದ್ದೇನೋ ಅನ್ನಿಸಬೇಕು, ಆಗಲೇ ಅವನಿಗೆ ಸಮಾಧಾನ. ಅಂಗಡಿಯಲ್ಲೂ ಅದೇ ಕುಂಚ, ಅದೇ ಕೈ. ಪಿಂಗಾಣಿ ಹಲ್ಲಿಗೆ ಟೀ ಕುಡಿದ ಕಂದು, ಸಿಗರೇಟಿನ ಹಳದಿ, ವಯಸ್ಸಿನ ಸಣ್ಣ ಬಿರುಕು ಎಲ್ಲ ಬರೆದು ಕೊಟ್ಟರೆ, ಕಟ್ಟಿಸಿಕೊಂಡವರ ಹೆಂಡತಿಗೂ ಗುರುತು ಸಿಗುತ್ತಿರಲಿಲ್ಲ. ಆ ಕಟ್ಟಡದ ಅಧ್ಯಕ್ಷರ ಮುತ್ತಿನಂಥ ಮೇಲ್ಸಾಲಿನ ನಗು ಯಾರ ಕೃಪೆ ಎಂಬುದು ಅಧ್ಯಕ್ಷರಿಗೂ ಕ್ಯಾಪ್ಟನ್‌ಗೂ ಬಿಟ್ಟರೆ ಮೂರನೆಯವರಿಗೆ ಗೊತ್ತಿರಲಿಲ್ಲ. ಗಿರಾಕಿಯ ಬಾಯೊಳಗಿನ ಸುದ್ದಿ ಹೊರಗೆ ಆಡಬಾರದು, ಅದು ಆ ಕಸುಬಿನ ಧರ್ಮ.

ನೀರು ಬಿಟ್ಟರೆ ಕ್ಯಾಪ್ಟನ್ ಹೆದರುತ್ತಿದ್ದದ್ದು ಹೆಂಡತಿಗೆ. ಹೋದ ಸಲ ಯುದ್ಧನೌಕೆಗೆ ಬೂದು ಬಣ್ಣ ಸಿಂಪಡಿಸುವಾಗ ಫ್ರಿಜ್ಜಿನ ಅರ್ಧ ಭಾಗವೂ ನೌಕಾಪಡೆಗೆ ಸೇರಿಹೋಗಿತ್ತು. ಆವತ್ತು ಆಕೆ ದನಿಯನ್ನೂ ಏರಿಸದೆ ಹೇಳಿದ್ದಳು: "ನೋಡಿ, ಇದೇ ಕೊನೆ. ಇನ್ನೊಂದು ಸಲ ಇವುಗಳಿಂದ ನಾಲ್ಕು ಜನರ ಮುಂದೆ ತಲೆ ತಗ್ಗಿಸೋ ಹಾಗೆ ಆಯ್ತೋ, ಗುಜರಿಯವನನ್ನ ಕರೀತೀನಿ." ಕೂಗಾಡಿದ್ದರೆ ಅವನು ಅಷ್ಟು ಹೆದರುತ್ತಿರಲಿಲ್ಲ. ಮೆಲ್ಲಗೆ ಹೇಳಿದ್ದಕ್ಕೇ ಎದೆ ಧಸಕ್ಕೆಂದಿತ್ತು.

ಹೀಗಿರುವಾಗ ಕಟ್ಟಡದ ಸಭೆಯಲ್ಲಿ, ಟ್ಯಾಂಕಿನ ಉಸ್ತುವಾರಿ ಯಾರಿಗೆ ಅನ್ನುವ ಮಾತು ಬಂತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಎಲ್ಲರೂ ಚಾವಣಿ ನೋಡುತ್ತಿದ್ದಾಗ ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡು, "ನೀರಿನ ವಿಷಯ ನಂಗೆ ಬಿಡಿ. ಇಪ್ಪತ್ತು ವರ್ಷ ಹಡಗುಗಳ ಜೊತೆ ಕಳೆದಿದ್ದೀನಿ" ಅಂದುಬಿಟ್ಟ. ಚಪ್ಪಾಳೆ ಬಿತ್ತು. ಬೀಗದಕೈ ಬಂತು. ಕ್ಯಾಪ್ಟನ್ ಅದನ್ನು ಬೆಲ್ಟಿಗೆ ಸಿಕ್ಕಿಸಿಕೊಂಡು ಓಡಾಡತೊಡಗಿದ. ಸುಮ್ಮನಿದ್ದ ಮನುಷ್ಯನ ಸೊಂಟಕ್ಕೆ ಬೀಗದಕೈ ಕಟ್ಟಿದರೆ ಅದು ಸುಮ್ಮನಿರಲು ಬಿಡುವುದಿಲ್ಲ ನೋಡಿ.

ಅದೇ ಹೊತ್ತಿಗೆ ಅವನ ಬಾಳಿನ ಮಹತ್ಕಾರ್ಯ ಮುಗಿಯುತ್ತಾ ಬಂದಿತ್ತು. ಮೊಳಕೈಯುದ್ದದ ಕಪ್ಪು ಜಲಾಂತರ್ಗಾಮಿ. ಇದು ಕಪಾಟಿನಲ್ಲಿ ನಿಲ್ಲುವುದಕ್ಕಲ್ಲ, ನೀರಿನಲ್ಲಿ ಮುಳುಗುವುದಕ್ಕೆ. ಮುಳುಗಬೇಕು, ಆದರೆ ತಳ ಸೇರಬಾರದು. ನಡುನೀರಿನಲ್ಲಿ ತ್ರಿಶಂಕುವಿನ ಹಾಗೆ ನಿಲ್ಲಬೇಕು. ಅದಕ್ಕೆ ಹೊಟ್ಟೆಯೊಳಗೆ ಲೆಕ್ಕವಾದ ಭಾರ ತುಂಬಬೇಕು. ಕಬ್ಬಿಣ ಹಾಕಿದರೆ ತುಕ್ಕು, ಮರಳು ಹಾಕಿದರೆ ಕೆಸರು. ಕೊನೆಗೆ ಅವನಿಗೆ ಹೊಳೆದದ್ದು ಅಂಗಡಿಯ ಕಸದ ಬುಟ್ಟಿ. ಬಣ್ಣ ಹೊಂದಲಿಲ್ಲ, ಅಳತೆ ಕೂಡಲಿಲ್ಲ ಎಂದು ಎಸೆದ ಪಿಂಗಾಣಿ ಹಲ್ಲುಗಳು! ತುಕ್ಕು ಹಿಡಿಯುವುದಿಲ್ಲ, ಕರಗುವುದಿಲ್ಲ, ಒಂದೊಂದಾಗಿ ಸೇರಿಸಿ ತೂಕ ಸರಿಮಾಡಬಹುದು. ಹಡಗಿನ ಚರಿತ್ರೆಯಲ್ಲೇ ಇಂಥ ಉಪಾಯ ಯಾರಿಗೂ ಹೊಳೆದಿರಲಾರದು ಎಂದುಕೊಂಡ. ಅದೊಂದು ಮಾತ್ರ ನಿಜ.

ಭಾನುವಾರ ಮಧ್ಯಾಹ್ನ ಊಟ ಮಾಡಿ ಇಡೀ ಕಟ್ಟಡ ಗೊರಕೆ ಹೊಡೆಯುವಾಗ ಕ್ಯಾಪ್ಟನ್ ಟೆರೇಸಿಗೆ ಹೋಗಿ ಟ್ಯಾಂಕಿನ ಮುಚ್ಚಳ ತೆಗೆದ. ಒಳಗೆ ಕಪ್ಪು ನೀರು ಗುಡುಗುಡು ಅಂದಿತು. ಕಣ್ಣು ಅರ್ಧ ಮುಚ್ಚಿಕೊಂಡು, ಟೈಲರ್ ಕೊಟ್ಟ ದಾರ ಕಟ್ಟಿದ ಜಲಾಂತರ್ಗಾಮಿಯನ್ನು ಇಳಿಬಿಟ್ಟ. ಅದು ಗಂಭೀರವಾಗಿ ಮುಳುಗಿತು. ನಡುನೀರಿನಲ್ಲಿ ನಿಂತಿತು. "ಆಹಾ!" ಎಂದು ಖುಷಿಗೆ ಎರಡೂ ಕೈ ಎತ್ತಿದ. ದಾರ ಹಿಡಿದಿದ್ದ ಕೈಯೂ ಅದರಲ್ಲಿ ಸೇರಿತ್ತು. ಮತ್ತೆ ಬಗ್ಗಿ ನೋಡಿದರೆ ದಾರವೂ ಇಲ್ಲ, ಹಡಗೂ ಇಲ್ಲ. ಕೈ ಹಾಕೋಣವೆಂದರೆ ಆ ನೀರು ಅವನನ್ನೇ ನೋಡುತ್ತಿತ್ತು. ಸ್ವಲ್ಪ ಹೊತ್ತು ಬೆವರಿ, ತಾನಾಗಿ ಮೇಲೆ ಬರುತ್ತೆ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡು, ಮುಚ್ಚಳ ಮುಚ್ಚಿ ಬೀಗ ಹಾಕಿ ಬಂದುಬಿಟ್ಟ.

ಮರುದಿನ ಬೆಳಿಗ್ಗೆ ಕೆಳಮನೆಯ ಅಜ್ಜಿ ಕಿಟಾರನೆ ಕಿರುಚಿದ್ದು ಮೂರನೇ ಅಂತಸ್ತಿಗೂ ಕೇಳಿಸಿತು.

ಹಳೇ ಕಟ್ಟಡ, ಹೆಬ್ಬೆರಳು ತೂರುವಷ್ಟು ದಪ್ಪ ನಲ್ಲಿಗಳು. ಅಜ್ಜಿ ಲೋಟಕ್ಕೆ ನೀರು ಹಿಡಿದರೆ ಟಣ್ ಎಂದು ಸದ್ದಾಯಿತಂತೆ. ನೋಡಿದರೆ ಹಲ್ಲು. ಮನುಷ್ಯರ ಮುಂಬಾಯಿಯ ಹಲ್ಲು. ಅಜ್ಜಿ ಮೊದಲು ತನ್ನ ಬಾಯಿ ಮುಟ್ಟಿ ನೋಡಿಕೊಂಡರಂತೆ. ಅಲ್ಲಿ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲವಾದ್ದರಿಂದ ಆಮೇಲೆ ಕಿರುಚಿದರಂತೆ. ಅಜ್ಜಿ ಕಿರುಚಿ ಮುಗಿಸುವಷ್ಟರಲ್ಲಿ ಎರಡನೇ ಅಂತಸ್ತಿನ ಬಚ್ಚಲಿನಲ್ಲಿ ಇನ್ನೊಂದು ಹಲ್ಲು ಬಿತ್ತು. ಅಧ್ಯಕ್ಷರ ಮನೆಯ ಟೀ ಪಾತ್ರೆಯಲ್ಲಿ ಎರಡು ಬಿದ್ದವು.

"ಟ್ಯಾಂಕಲ್ಲಿ ಹೆಣ ಇದೆ!" ಎಂದರು ಅಧ್ಯಕ್ಷರು.

ಕ್ಯಾಪ್ಟನ್ ಬಾಗಿಲ ಹಿಂದೆ ನಿಂತು ಇದನ್ನು ಕೇಳಿದ. ಹಡಗಿನ ಹೊಟ್ಟೆಯ ಅಂಟು ಬಿಟ್ಟಿದೆ ಎಂದು ಅವನಿಗೆ ಆ ಕ್ಷಣವೇ ಗೊತ್ತಾಯಿತು. ಹೇಳಿಬಿಡಲೇ? ಹೇಳಿದರೆ ಕಪಾಟಿನ ಇಪ್ಪತ್ತು ವರ್ಷ ಗುಜರಿಯವನ ಗೋಣಿಚೀಲಕ್ಕೆ ಹೋಗುತ್ತದೆ. ಹೆಂಡತಿ ಒಲೆಯ ಮುಂದೆ ಬೆನ್ನು ಮಾಡಿ ನಿಂತಿದ್ದಳು. "ಏನಂತೆ ಗಲಾಟೆ?" ಅಂದಳು. "ಏನೋ ನಲ್ಲಿ ರಿಪೇರಿಯಂತೆ" ಅಂದ. "ಹೌದಾ" ಅಂದಳು, ತಿರುಗಿ ಕೂಡ ನೋಡಲಿಲ್ಲ.

ಸಂಜೆಗೆ ಪೊಲೀಸ್ ಇನ್ಸ್‌ಪೆಕ್ಟರ್ ಬಂದರು. ದೊಡ್ಡ ಮೀಸೆ, ಸಣ್ಣ ತಾಳ್ಮೆ. ಅಧ್ಯಕ್ಷರ ಮನೆಯ ಮೇಜಿನ ಮೇಲೆ ಒಂದು ತಟ್ಟೆ, ತಟ್ಟೆಯಲ್ಲಿ ಹಲ್ಲುಗಳು. ಸುತ್ತ ಕಟ್ಟಡದವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಕೇಸಿನಲ್ಲಿ ತಮ್ಮ ಹಲ್ಲೂ ಸೇರಿಬಿಟ್ಟರೆ ಎಂಬ ಅಳುಕು.

"ಇದನ್ನ ನೋಡಿ ಹೇಳೋ ತಜ್ಞರು ಬೇಕಲ್ಲ" ಎಂದರು ಇನ್ಸ್‌ಪೆಕ್ಟರ್.

"ನಮ್ಮಲ್ಲೇ ಇದ್ದಾರೆ ಸಾರ್!" ಎಂದು ಅಧ್ಯಕ್ಷರು ಕ್ಯಾಪ್ಟನ್ನನ ಕುತ್ತಿಗೆಗೆ ಕೈಹಾಕಿ ಮುಂದೆ ತಳ್ಳಿದರು. "ಹಲ್ಲಿನ ಅಂಗಡೀಲಿ ಕೆಲಸ. ಟ್ಯಾಂಕಿನ ಉಸ್ತುವಾರಿನೂ ಇವರದ್ದೇ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ; ಕ್ಯಾಪ್ಟನ್ ಬೆಲ್ಟು ಮುಟ್ಟಿ ನೋಡಿಕೊಂಡ. ಬೀಗದಕೈ ಬಿಸಿಯಾದಂತೆ ಅನ್ನಿಸಿತು. ಒಂದು ಹಲ್ಲು ಎತ್ತಿ ಬೆಳಕಿಗೆ ಹಿಡಿದ. ಅವನದೇ ಕೈಬರಹ.

"ಹೇಳ್ರೀ. ಮನುಷ್ಯರದ್ದಾ?"

"ಹ... ಹಲ್ಲಿನ ಹಾಗೇ ಇದೆ ಸಾರ್."

"ಅದು ನನಗೂ ಕಾಣುತ್ತೆ. ಯಾರದ್ದು, ಎಂಥದ್ದು, ವಯಸ್ಸೇನು?"

ಇಲ್ಲಿ ನೋಡಿ, ಮನುಷ್ಯ ಕೆಡುವುದು ಭಯದಿಂದಲ್ಲ, ಭಯದ ಮಧ್ಯೆಯೂ ಇಣುಕುವ ಜಂಬದಿಂದ. "ಇದು ನಲವತ್ತು ದಾಟಿದವರದ್ದು" ಅಂದ ಕ್ಯಾಪ್ಟನ್. "ಸಿಗರೇಟು ಜಾಸ್ತಿ. ಅಂಚಿನ ಹಳದಿ ನೋಡಿ, ಎಷ್ಟು ಸಹಜವಾಗಿ ಬಂದಿದೆ! ಇದು ಮುದುಕರದ್ದು, ಬಿರುಕು ಸೊಗಸಾಗಿದೆ. ಇದು ಹೆಂಗಸರ ಅಳತೆ. ಟೀ ಕುಡಿದೂ ಕುಡಿದೂ ಕಂದಾಗಿದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಅಂದ್ರೆ ಮೂರು ಹೆಣ" ಎಂದರು ಇನ್ಸ್‌ಪೆಕ್ಟರ್, ಟೊಪ್ಪಿ ತೆಗೆದು.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೆಂಗಸರದ್ದು, ಟೀ ಕುಡಿದು ಕಂದಾಗಿರೋದು... ಅಯ್ಯೋ, ಟೈಲರ್ ಹೆಂಡತಿ ಬೆಳಿಗ್ಗೆಯಿಂದ ರಾತ್ರಿವರೆಗೆ ಟೀ ಕುಡೀತಿದ್ಲಲ್ಲಪ್ಪಾ! ಹೋದ ವಾರ ಗಂಡ ಹೆಂಡ್ತಿ ಜೋರು ಜಗಳ. ಆಮೇಲೆ ಆ ಹುಡುಗಿ ಮುಖಾನೇ ನೋಡಿಲ್ಲ ನಾನು."

ಎಲ್ಲರ ತಲೆಯೂ ಬಾಗಿಲ ಕಡೆ ತಿರುಗಿತು. ಕೊರಳಿಗೆ ಅಳತೆಯ ಟೇಪು ಹಾಕಿಕೊಂಡಿದ್ದ ಟೈಲರು ಅಲ್ಲಿ ನಿಂತಿದ್ದ. "ಅವಳು ತವರಿಗೆ ಹೋಗಿದ್ದಾಳೆ" ಅಂದ.

"ಫೋನ್ ಮಾಡು."

"ಎತ್ತಲ್ಲ ಸಾರ್. ಸಿಟ್ಟು."

"ಕತ್ತರಿ ಎಷ್ಟಿದೆ ಮನೇಲಿ?"

"ಟೈಲರ್ ಮನೆ ಸಾರ್! ಕತ್ತರಿ ಇಲ್ಲದೆ ಇರುತ್ತಾ?"

"ನೋಡಿದ್ರಾ, ಒಪ್ಕೊಂಡ!" ಎಂದರು ಅಧ್ಯಕ್ಷರು, ಹೊಳೆಯುವ ಹಲ್ಲು ಪೂರ್ತಿ ತೋರಿಸಿ. ಬೆಳಿಗ್ಗೆ ಟ್ಯಾಂಕು ಶೋಧಿಸಿ, ಅಲ್ಲಿಂದ ನೇರ ಠಾಣೆಗೆ ಎಂದು ತೀರ್ಮಾನವಾಯಿತು. ಟೈಲರನ ಬಾಗಿಲಿಗೆ ಒಬ್ಬ ಪೇದೆಯನ್ನು ಕೂರಿಸಿದರು. ಟೈಲರು ಹೋಗುವಾಗ ಕ್ಯಾಪ್ಟನ್ನನ ತೋಳು ಹಿಡಿದು, "ನೀವು ಚೆನ್ನಾಗಿ ನೋಡಿ ಹೇಳಿ ಅಣ್ಣಾ. ನಿಮ್ಮ ಮಾತು ನಂಬ್ತಾರೆ" ಅಂದ. ಕ್ಯಾಪ್ಟನ್ ಹೂಂ ಎಂದು ತಲೆಯಾಡಿಸಿದ.

ಮನೆಗೆ ಬಂದು ಕಪಾಟಿನ ಮುಂದೆ ನಿಂತ. ಹಡಗುಗಳ ಮೇಲೆ ಟೈಲರನ ದಾರ. ಒಂದೊಂದು ಗಂಟೂ ತಾನು ಕಟ್ಟಿದ್ದು, ಒಂದೊಂದು ಎಳೆಯೂ ಅವನು ಆರಿಸಿದ್ದು. ಊಟಕ್ಕೆ ಕೂತರೆ ತುತ್ತು ಇಳಿಯಲಿಲ್ಲ.

"ಹಲ್ಲು ನೋವಾ?" ಅಂದಳು ಹೆಂಡತಿ.

"ಅಲ್ಲ!" ಎಂದು ಅವನು ಕೂತಲ್ಲೇ ಒಂದು ಗೇಣು ಮೇಲಕ್ಕೆ ಹಾರಿದ.

"ಟೈಲರ್‌ನ ಹಿಡಕೊಂಡು ಹೋಗ್ತಾರಂತಲ್ಲ. ಪಾಪ."

"ಪಾಪ" ಅಂದ ಕ್ಯಾಪ್ಟನ್. ಆಕೆ ಇನ್ನೇನಾದರೂ ಹೇಳುತ್ತಾನೋ ಎಂಬಂತೆ ಸ್ವಲ್ಪ ಹೊತ್ತು ನೋಡಿ, ತಟ್ಟೆ ಎತ್ತಿಕೊಂಡು ಹೋದಳು.

ಬೆಳಿಗ್ಗೆ ಟೆರೇಸಿನ ಮೇಲೆ ಕಾಲಿಡಲು ಜಾಗವಿರಲಿಲ್ಲ. ಪಕ್ಕದ ಕಟ್ಟಡದವರೂ ಕುರ್ಚಿ ಹಾಕಿಕೊಂಡು ತಮ್ಮ ಟೆರೇಸಿನಲ್ಲಿ ಕೂತಿದ್ದರು. ಅಜ್ಜಿಯನ್ನು ಇಬ್ಬರು ಎತ್ತಿ ತಂದಿದ್ದರು. ಟೈಲರನ ಒಂದು ಕೈ ಪೇದೆಯ ಕೈಯಲ್ಲಿತ್ತು. ಅವನ ಮುಖ ಒಂದೇ ದಿನದಲ್ಲಿ ಒಗೆದು ಹಿಂಡಿದ ಬಟ್ಟೆಯಾಗಿತ್ತು.

"ಬೀಗ ತೆಗೀರಿ" ಎಂದರು ಇನ್ಸ್‌ಪೆಕ್ಟರ್.

ಕ್ಯಾಪ್ಟನ್ ಬೀಗದಕೈ ಹುಡುಕುವ ನಾಟಕವಾಡಿದ. ಈ ಜೇಬು ನೋಡಿದ, ಆ ಜೇಬು ನೋಡಿದ. "ಬೆಲ್ಟಲ್ಲಿದೆ" ಅಂದಳು ಹೆಂಡತಿ ಹಿಂದಿನಿಂದ. ಹೌದು, ಅಲ್ಲೇ ಇತ್ತು. ಬೀಗ ತೆಗೆಯುವಾಗ ಟೈಲರು ಇದ್ದಕ್ಕಿದ್ದಂತೆ ಮಗುವಿನ ಹಾಗೆ ಅಳತೊಡಗಿದ. "ಜಗಳ ಆಡಿದ್ದು ನಿಜ ಸಾರ್. ಅವಳ ಹೊಸ ರವಿಕೆ ಬಿಗಿ ಮಾಡಿಬಿಟ್ಟಿದ್ದೆ. ಅಷ್ಟಕ್ಕೆ ಯಾರಾದ್ರೂ ಕೊಲ್ತಾರಾ?"

"ಅದು ನನ್ನ ಹಲ್ಲು!"

ಇದು ಯಾರ ದನಿಯೆಂದು ಎಲ್ಲರೂ ತಿರುಗಿ ನೋಡಿದರು. ಕ್ಯಾಪ್ಟನ್ನೂ ತಿರುಗಿ ನೋಡಿದ. ದನಿ ಅವನದ್ದೇ.

ಒಮ್ಮೆ ಕಟ್ಟೆ ಒಡೆದ ಮೇಲೆ ತಡೆಯುವವರಾರು? ಒಂದೇ ಉಸಿರಿಗೆ ಎಲ್ಲ ಸುರಿದುಬಿಟ್ಟ. "ಹೆಣ ಇಲ್ಲ ಸಾರ್, ಸಬ್‌ಮರೀನು. ನಾನೇ ಬಿಟ್ಟದ್ದು. ಹೊಟ್ಟೆ ತುಂಬ ಅಂಗಡಿಯ ಕಸದ ಹಲ್ಲು. ಎಲ್ಲ ಪಿಂಗಾಣಿ. ಸಿಗರೇಟೂ ಸುಳ್ಳು, ಟೀನೂ ಸುಳ್ಳು, ಎಲ್ಲ ನಾನೇ ಬಣ್ಣ ಹಚ್ಚಿದ್ದು. ಅವನನ್ನ ಬಿಟ್ಬಿಡಿ. ಗುಜರಿಗೆ ಹಾಕೋದಾದ್ರೆ ಹಾಕ್ಲಿ!" ಕೊನೆಯ ಮಾತು ಹೆಂಡತಿಯನ್ನು ಬಿಟ್ಟು ಯಾರಿಗೂ ಅರ್ಥವಾಗಲಿಲ್ಲ.

ಗುಂಪಿನಲ್ಲಿ ಲೊಚ್ ಎಂಬ ಸದ್ದಾಯಿತು. "ಎಂಥಾ ಸ್ನೇಹ ನೋಡಿ" ಎಂದರು ಅಜ್ಜಿ. "ಗೆಳೆಯನ ಜೀವ ಉಳಿಸೋಕೆ ಬಾಯಿಗೆ ಬಂದ ಸುಳ್ಳು ಹೇಳ್ತಿದೆ ಮಗು."

"ಸುಳ್ಳಲ್ಲ ಅಜ್ಜಿ!"

ಇನ್ಸ್‌ಪೆಕ್ಟರ್ ಒಂದು ಹಲ್ಲನ್ನು ಅವನ ಮೂಗಿನ ಮುಂದೆ ಹಿಡಿದರು. "ಇದು ಕಟ್ಟಿಸಿದ ಹಲ್ಲಾ? ಮೂವತ್ತು ವರ್ಷ ಸರ್ವೀಸ್ ನಂದು. ಇಂಥಾ ಹಲ್ಲು ಯಾರಾದ್ರೂ ಮಾಡೋಕಾಗುತ್ತೇನ್ರೀ?"

ಇಪ್ಪತ್ತು ವರ್ಷದಲ್ಲಿ ಯಾರೂ ಮಾಡದ ಹೊಗಳಿಕೆ ಅದು. ಬಂದದ್ದು ಇಂಥ ಹೊತ್ತಿನಲ್ಲಿ. ಕ್ಯಾಪ್ಟನ್‌ಗೆ ಸಾಕ್ಷಿ ಬೇಕಿತ್ತು. ಸಾಕ್ಷಿ ಅಲ್ಲೇ ಇತ್ತು, ಮೂರಡಿ ದೂರದಲ್ಲಿ, ಅಧ್ಯಕ್ಷರ ಬಾಯಲ್ಲಿ, ಸೂರ್ಯನ ಬೆಳಕಿಗೆ ಮಿರಮಿರ ಮಿನುಗುತ್ತಾ. ಅವನು ಅಧ್ಯಕ್ಷರ ಕಡೆ ನೋಡಿದ. ಅಧ್ಯಕ್ಷರಿಗೆ ಅವನ ನೋಟದ ಅರ್ಥ ತಿಳಿಯಿತು. ತಟ್ಟನೆ ತುಟಿ ಹೊಲಿದಂತೆ ಮುಚ್ಚಿಕೊಂಡರು. ಮುಚ್ಚಿದ ಬಾಯಲ್ಲೇ, "ಅವಂಗೆ ತಲೆ ಕೆಟ್ಟಿದೆ. ಟೈಲರನ್ನ ಕರಕೊಂಡು ಹೋಗಿ ಸಾರ್" ಅಂದರು. ಕ್ಯಾಪ್ಟನ್ ಬಾಯಿ ತೆರೆದ, ಮುಚ್ಚಿದ. ಕಸುಬಿನ ಧರ್ಮ ಅಡ್ಡ ನಿಂತಿತ್ತು.

"ಮೊದಲು ನಾನೇ ನೋಡ್ತೀನಿ, ಒಳಗೆ ಏನಿದೆ ಅಂತ!" ಎಂದು ಅಧ್ಯಕ್ಷರು ಮಾತು ಮರೆಸಲು ಮುಚ್ಚಳ ಸರಿಸಿ ಟ್ಯಾಂಕಿನೊಳಗೆ ಬಗ್ಗಿದರು.

ಹಲ್ಲೆಲ್ಲ ಉದುರಿ ಹೊಟ್ಟೆ ಹಗುರವಾಗಿದ್ದ ಜಲಾಂತರ್ಗಾಮಿ, ಮೂತಿಯಲ್ಲಿ ಒಂದಿಷ್ಟು ಗಾಳಿ ಉಳಿಸಿಕೊಂಡು, ಅಷ್ಟು ಹೊತ್ತೂ ಎಲ್ಲೋ ಮೂಲೆಯಲ್ಲಿ ಸಿಕ್ಕಿಕೊಂಡಿತ್ತು ಅಂತ ಕಾಣುತ್ತದೆ. ಮುಚ್ಚಳ ಎಳೆದ ಅದುರಾಟಕ್ಕೆ ಬಿಡಿಸಿಕೊಂಡು, ಕಪ್ಪು ಮೂತಿಯನ್ನು ಮೇಲೆ ಮಾಡಿ, ಅಧ್ಯಕ್ಷರ ಮುಖದ ನೇರಕ್ಕೆ ಬುಳುಕ್ ಎಂದು ಎದ್ದು ನಿಂತಿತು.

"ಅಯ್ಯಯ್ಯೋ! ಬದುಕಿದೆ!" ಎಂದು ಅಧ್ಯಕ್ಷರು ಬಾಯಿ ಎಷ್ಟು ತೆರೆಯಬಹುದೋ ಅಷ್ಟೂ ತೆರೆದು ಕೂಗಿದರು. ಕೂಗು ಮೇಲೆ ಬಂತು. ಹಲ್ಲಿನ ಸೆಟ್ಟು ಕೆಳಗೆ ಹೋಯಿತು. ಪುಳಕ್.

ಅಧ್ಯಕ್ಷರು ತಲೆಯೆತ್ತಿದಾಗ ಅವರ ವಯಸ್ಸು ಹದಿನೈದು ವರ್ಷ ಮುಂದೆ ಹೋಗಿತ್ತು. ಎರಡು ಟೆರೇಸುಗಳ ಜನ ಅವರ ಬಾಯಿ ನೋಡಿದರು. ಇನ್ಸ್‌ಪೆಕ್ಟರ್ ಕೈಯಲ್ಲಿದ್ದ ಹಲ್ಲನ್ನೊಮ್ಮೆ, ಆ ಬಾಯನ್ನೊಮ್ಮೆ ನೋಡಿದರು. ಅಜ್ಜಿ ಮಾತ್ರ, ತಮ್ಮ ಕಡೆಯವರು ಒಬ್ಬರು ಸಿಕ್ಕರು ಎಂಬಂತೆ ತುಂಬು ಪ್ರೀತಿಯಿಂದ ನಕ್ಕರು.

ಪೇದೆ ಟೈಲರನ ಕೈಬಿಟ್ಟ. ಆದರೆ ಅಲ್ಲಿಗೇ ಮುಗಿಯಲಿಲ್ಲ. "ನನ್ನ ಅಲ್ಲು!" ಎಂದು ಅಧ್ಯಕ್ಷರು ಟ್ಯಾಂಕಿನ ಕಡೆ ಬೆರಳು ತೋರಿಸಿದರು. ಎಲ್ಲರ ಕಣ್ಣೂ ಕ್ಯಾಪ್ಟನ್ನನ ಮೇಲೆ ನೆಟ್ಟಿತು. ಹಡಗು ಅವನದು, ಹಲ್ಲು ಅವನದು, ಟ್ಯಾಂಕಿನ ಉಸ್ತುವಾರಿಯೂ ಅವನದೇ. ಮಾಡಿದ್ದುಣ್ಣೋ ಮಹಾರಾಯ.

ಏಣಿ ಇಳಿಸಿದರು. ಕ್ಯಾಪ್ಟನ್ ಪ್ಯಾಂಟು ಮಡಚಿದ. ಮೊದಲ ಮೆಟ್ಟಿಲಿಗೆ ಕಣ್ಣು ಮುಚ್ಚಿದ. ಎರಡನೆಯದಕ್ಕೆ ಸತ್ತ ತಾಯಿಯನ್ನು ನೆನೆದ. ನೀರು ಪಾದಕ್ಕೆ ತಾಗಿದಾಗ, "ನಂಗೆ ಈಜು ಬರಲ್ಲ! ದೋಣೀಲಿ ಕೂಡ ಕೂತಿಲ್ಲ ನಾನು!" ಎಂದು ಒಳಗಿನಿಂದ ಒದರಿದ್ದು ಟ್ಯಾಂಕಿನಲ್ಲಿ ಮಾರ್ದನಿಸಿ ಇಡೀ ಬೀದಿಗೆ ಕೇಳಿಸಿತು. ಆಗ ಯಾರೋ ಮೇಲಿನಿಂದ ಅವನ ಕಾಲರು ಬಲವಾಗಿ ಹಿಡಿದುಕೊಂಡರು. "ಇಳೀರಿ ಅಣ್ಣಾ, ಬಿಡಲ್ಲ ನಾನು" ಅಂದ ಟೈಲರು.

ನೀರು ಸೊಂಟದವರೆಗೂ ಇರಲಿಲ್ಲ.

ಒಂದು ಕೈಯಲ್ಲಿ ಹಡಗು, ಇನ್ನೊಂದು ಕೈಯಲ್ಲಿ ಅಧ್ಯಕ್ಷರ ನಗು ಹಿಡಿದು ಕ್ಯಾಪ್ಟನ್ ಮೇಲೆ ಬಂದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಮನೆಗೆ ಹೋಗಿ ಎರಡು ದಿನದಿಂದ ಕುಡಿದ ನೀರನ್ನು ನೆನೆಸಿಕೊಳ್ಳುವ ಆತುರದಲ್ಲಿದ್ದರು. ಬೀಗದಕೈಯನ್ನು ಅಧ್ಯಕ್ಷರು ಮಾತಿಲ್ಲದೆ ಕಿತ್ತುಕೊಂಡರು. ಅವರು ಮಾತಾಡುವ ಸ್ಥಿತಿಯಲ್ಲಿರಲೂ ಇಲ್ಲ. ಗಂಡ ತನ್ನನ್ನು ಕೊಂದ ಸುದ್ದಿ ಹೇಗೋ ಕಿವಿಗೆ ಬಿದ್ದು ಟೈಲರನ ಹೆಂಡತಿ ಅವತ್ತೇ ವಾಪಸು ಬಂದಳು, ಅದೊಂದು ಲಾಭ.

ಕ್ಯಾಪ್ಟನ್ ತೊಟ್ಟಿಕ್ಕುತ್ತಾ ಮನೆಯೊಳಗೆ ಬಂದ. ಕಪಾಟಿನ ಬಾಗಿಲು ತೆರೆದಿತ್ತು. ಹೆಂಡತಿ ಅದರ ಮುಂದೆ ನಿಂತಿದ್ದಳು. ಅವನು ಒದ್ದೆ ಹಡಗನ್ನು ಮೆಲ್ಲಗೆ ನೆಲದ ಮೇಲಿಟ್ಟ. "ಗುಜರಿಯವನಿಗೆ ಫೋನ್ ಮಾಡಿದೆಯಾ?" ಅಂದ.

ಆಕೆ ಒಂದು ಸಣ್ಣ ಬಟ್ಟಲು ಮುಂದೆ ಹಿಡಿದಳು. ಅದರಲ್ಲಿ ಒಂದೇ ಒಂದು ಹಲ್ಲಿತ್ತು.

"ನಿನ್ನೆ ಬೆಳಿಗ್ಗೆ ಮೊದಲನೇ ಹಲ್ಲು ಬಿದ್ದದ್ದು ಅಜ್ಜಿ ಮನೇಲಲ್ಲ, ನಮ್ಮ ಅಡುಗೆಮನೇಲಿ. ಇಷ್ಟು ವರ್ಷ ನಿಮ್ಮ ಜೇಬು ಝಾಡಿಸಿ ಬಟ್ಟೆ ಒಗೆದವಳಿಗೆ ನಿಮ್ಮ ಹಲ್ಲು ಗುರುತು ಸಿಗಲ್ವಾ?"

"ಗೊತ್ತಿದ್ದೂ... ಸುಮ್ಮನಿದ್ದೆಯಾ?"

"ನೀವಾಗಿ ಹೇಳ್ತೀರೇನೋ ಅಂತ ಕಾದೆ. ಆ ಪಾಪದವನು ಅಳ್ತಾ ನಿಂತಾಗ ಫೋನು ಕೈಯಲ್ಲೇ ಇತ್ತು. ಇನ್ನೊಂದು ನಿಮಿಷ ನೀವು ಬಾಯಿ ಬಿಡದೆ ಇದ್ದಿದ್ರೆ ಗುಜರಿಯವನನ್ನ ಕರೆದೇ ಬಿಡ್ತಿದ್ದೆ."

ಕ್ಯಾಪ್ಟನ್ ಒಮ್ಮೆ ಕಪಾಟಿನ ಕಡೆ ನೋಡಿದ. "ಅಷ್ಟೂ ಹಡಗು ಹಾಕೋಕಾ?"

"ಹಡಗು ಏನು ಮಾಡಿತ್ತು ಪಾಪ?" ಅಂದಳು ಹೆಂಡತಿ. "ನಿಮ್ಮನ್ನ ಹಾಕೋಕೆ."

ಆಮೇಲೆ ಕಪಾಟಿನ ಮೇಲಿದ್ದ ಟವೆಲು ತೆಗೆದು, ಮೊದಲು ಹಡಗನ್ನು ಒರೆಸಿದಳು, ಆಮೇಲೆ ಅವನ ತಲೆಯನ್ನು ಒರೆಸಿದಳು.